ಮನೆಯಲ್ಲಿ ಬ್ರೆಡ್ಡಿನ ಯಂತ್ರ: ಉಪಯೋಗ ಮತ್ತು ಎಚ್ಚರಿಕೆ

ಚೆನ್ನೈ ಮಹಾನಗರದ ಉತ್ತರ ಭಾಗದಲ್ಲಿರುವ ಮಣಲಿಯಲ್ಲಿ ನೆಲೆಸಿರುವ ನಮ್ಮಂಥ ಕನ್ನಡ ಕುಟುಂಬಗಳಿಗೆ ಊರಿನ ಆಹಾರಪದಾರ್ಥಗಳು ಬಹುಮಟ್ಟಿಗೆ ಇಲ್ಲಿಯೇ ದೊರೆಯುತ್ತವೆ. ರಾಗಿ ಸಿಗುತ್ತದೆ, ಕಾಲಕ್ಕೆ ಸರಿಯಾಗಿ ಅವರೆಕಾಯಿಯೂ ಸಿಗುತ್ತದೆ. ಆದರೆ ಹಾಸನ ಜಿಲ್ಲೆಯಿಂದ ಬಂದವರಿಗೆ ಸಂಜೆಯ ಹೊತ್ತು ಅಯ್ಯಂಗಾರ್ ಬೇಕರಿಯ ಮುಂದೆ ಹಾದುಹೋಗುವಾಗ ಮೂಗಿಗೆ ಬಡಿಯುತ್ತಿದ್ದ ಬಿಸಿ ಬ್ರೆಡ್ಡಿನ ಪರಿಮಳ ಮಾತ್ರ ಯಾವ ಅಂಗಡಿಯ ಪೊಟ್ಟಣದಲ್ಲಿಯೂ ಬರುವುದಿಲ್ಲ. 1898ರಲ್ಲಿ ಎಚ್.ಎಸ್. ತಿರುಮಲಾಚಾರ್ ಅವರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿಯನ್ನು ಆರಂಭಿಸಿದಂದಿನಿಂದ ಈ ಕಸುಬಿನಲ್ಲಿ ಹಾಸನದ ಸೀಮೆಯವರದು ಎತ್ತಿದ ಕೈ. ಆ ಸೀಮೆಯವನಾದ ನಾನು ಮಾತ್ರ ನಲವತ್ತು ದಾಟುವವರೆಗೆ ಹಿಟ್ಟಿಗೆ ಕೈ ಹಾಕಿದವನಲ್ಲ.

ಕೈ ಹಾಕುವಂತೆ ಮಾಡಿದ್ದು ತಾಯಿಯವರ ರಕ್ತದೊತ್ತಡ. ಎರಡು ವರ್ಷಗಳ ಹಿಂದೆ ಅದು ಮಿತಿಮೀರಿ ಏರಿದಾಗ ವೈದ್ಯರು ಉಪ್ಪನ್ನು ಕಡಿಮೆ ಮಾಡಲೇಬೇಕೆಂದು ವಿಧಿಸಿದರು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಲ್ಲವನ್ನೂ ತಾಯಿಯವರು ಮರುಮಾತಿಲ್ಲದೆ ತ್ಯಜಿಸಿದರು. ಆದರೂ ಒತ್ತಡ ನಿರೀಕ್ಷೆಯಂತೆ ಇಳಿಯಲಿಲ್ಲ. ಮುಂದಿನ ಭೇಟಿಯಲ್ಲಿ ವೈದ್ಯರು ದಿನದ ಆಹಾರವನ್ನೆಲ್ಲ ಒಂದೊಂದಾಗಿ ಕೇಳುತ್ತಾ ಬಂದಾಗ, ಹಲ್ಲಿನ ತೊಂದರೆಯಿಂದ ಅವರು ಬೆಳಿಗ್ಗೆ ನಾಲ್ಕು, ರಾತ್ರಿ ನಾಲ್ಕು ಹೋಳು ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ತಿನ್ನುತ್ತಿದ್ದ ವಿಷಯ ಹೊರಬಿತ್ತು. ಬ್ರೆಡ್ಡು ಸಪ್ಪೆಯ ಪದಾರ್ಥವೆಂದೇ ನಾವೆಲ್ಲ ಭಾವಿಸಿದ್ದೆವು. ವಾಸ್ತವವಾಗಿ, 400 ಗ್ರಾಂ ಹಿಟ್ಟಿಗೆ ಸಮಮಟ್ಟದ ಒಂದು ಟೀ ಚಮಚ, ಎಂದರೆ ಸುಮಾರು 6 ಗ್ರಾಂ ಉಪ್ಪು ಹಾಕಿ ಬ್ರೆಡ್ಡು ಮಾಡಿ ಹನ್ನೆರಡು ಹೋಳು ಕತ್ತರಿಸಿದರೆ ಪ್ರತಿ ಹೋಳಿನಲ್ಲಿ ಅರ್ಧ ಗ್ರಾಂ ಉಪ್ಪು ಇರುತ್ತದೆ. ಎಂಟು ಹೋಳಿಗೆ 4 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ಸೂಚಿಸುವ ಮಿತಿ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ. ಉಪ್ಪಿನಕಾಯಿಯ ಜಾಡಿಯನ್ನು ಮುಚ್ಚಿಟ್ಟು ಬ್ರೆಡ್ಡಿನ ಬಾಗಿಲನ್ನು ತೆರೆದಿಟ್ಟಿದ್ದೆವು. ಲೆಕ್ಕವನ್ನೇ ವೃತ್ತಿಯಾಗಿ ಉಳ್ಳ ನಾನು ಈ ಬಾಬನ್ನು ಗಮನಿಸದೇ ಹೋದದ್ದು ನನಗೆ ನಾಚಿಕೆಯ ಸಂಗತಿ.

ಆದ್ದರಿಂದ ಕಡಿಮೆ ಉಪ್ಪಿನ ಬ್ರೆಡ್ಡನ್ನು ಮನೆಯಲ್ಲಿಯೇ ತಯಾರಿಸಬೇಕೆಂಬ ತೀರ್ಮಾನವಾಯಿತು. ಅಮೆರಿಕದಲ್ಲಿರುವ ತಮ್ಮ ರಜೆಗೆ ಬರುವಾಗ ಅಲ್ಲಿಯ ಯಂತ್ರವೊಂದನ್ನು ಪ್ರೀತಿಯಿಂದ ಹೊತ್ತು ತಂದ. ಬಂದ ಸಂಜೆಯೇ ಪ್ಲಗ್ಗಿಗೆ ಒಂದು ಅಡಾಪ್ಟರ್ ಸಿಕ್ಕಿಸಿ ಗುಂಡಿ ಒತ್ತಿದೆವು. ಕೆಲವೇ ಕ್ಷಣಗಳಲ್ಲಿ ಸುಟ್ಟ ವಾಸನೆ, ಹೊಗೆ, ಮನೆಯೆಲ್ಲ ಕತ್ತಲೆ. ಯಂತ್ರದ ಪಕ್ಕದಲ್ಲಿಯೇ ಮಣೆ ಹಾಕಿಕೊಂಡು ಕುಳಿತಿದ್ದ ತಾಯಿಯವರಿಗೆ ಏನೂ ಆಗಲಿಲ್ಲವೆಂಬುದು ದೇವರ ದಯೆ.

ತಪ್ಪು ನಮ್ಮದೇ. ಅಮೆರಿಕದ ವಿದ್ಯುತ್ತು 120 ವೋಲ್ಟಿನದು, ನಮ್ಮದು 230 ವೋಲ್ಟಿನದು. ವೋಲ್ಟೇಜು ಹೆಚ್ಚುಕಡಿಮೆ ಇಮ್ಮಡಿಯಾದರೆ ಕಾಯಿಸುವ ತಂತಿಯಲ್ಲಿ ಶಾಖವು ನಾಲ್ಮಡಿಯ ಹತ್ತಿರಕ್ಕೆ ಏರುತ್ತದೆ. 550 ವ್ಯಾಟಿನ ತಂತಿಯ ಮೇಲೆ 2,000 ವ್ಯಾಟಿನ ಭಾರ ಬೀಳುತ್ತದೆ. ಅಡಾಪ್ಟರ್ ಎಂಬುದು ಪ್ಲಗ್ಗಿನ ಕಾಲುಗಳ ಆಕಾರವನ್ನು ಹೊಂದಿಸುವ ಸಾಧನವೇ ಹೊರತು ವೋಲ್ಟೇಜನ್ನು ಇಳಿಸುವುದಿಲ್ಲ. ಇಳಿಸುವ ಟ್ರಾನ್ಸ್‌ಫಾರ್ಮರ್ ಬೇರೆ. ಅದು ಯಂತ್ರದ ವ್ಯಾಟಿಗಿಂತ ಹೆಚ್ಚಿನ ಸಾಮರ್ಥ್ಯದ್ದಾಗಿರಬೇಕು, ಇಟ್ಟಿಗೆಗಿಂತ ಭಾರವಾಗಿರುತ್ತದೆ. ಮೇಲಾಗಿ, ಅಲ್ಲಿಯ 60 ಆವರ್ತದ ವಿದ್ಯುತ್ತು ಇಲ್ಲಿ 50 ಆವರ್ತದ್ದಾಗಿಯೇ ಉಳಿಯುವುದರಿಂದ ಕೆಲವು ಮೋಟಾರುಗಳು ನಿಧಾನವಾಗುತ್ತವೆ. ವಿದೇಶದ ಬಂಧುಗಳಲ್ಲಿ ನನ್ನ ವಿನಂತಿಯೆಂದರೆ, ಯಂತ್ರದ ಬದಲು ಅದರ ಬೆಲೆಯನ್ನು ಕಳುಹಿಸಿರಿ; 230 ವೋಲ್ಟಿನ ಯಂತ್ರಗಳು ನಮ್ಮ ದೇಶದಲ್ಲಿಯೇ ದೊರೆಯುತ್ತವೆ. ಅದನ್ನು ಭೂಸಂಪರ್ಕವುಳ್ಳ ಮೂರು ಕಾಲಿನ ಪ್ಲಗ್ಗಿಗೇ ಜೋಡಿಸಬೇಕು. ಮಿಕ್ಸಿ ಮತ್ತು ಇದು ಎರಡಕ್ಕೂ ಒಂದೇ ಎಕ್ಸ್‌ಟೆನ್ಷನ್ ತಂತಿ ಸಲ್ಲದು.

ಎರಡನೆಯ ಯಂತ್ರವನ್ನು ಇಲ್ಲಿಯೇ ಕೊಂಡೆವು. ಇದರ ಹುಟ್ಟಿನ ಕಥೆ ನಾನು ತರಬೇತಿಯ ಶಿಬಿರವೊಂದರಲ್ಲಿ ಕೇಳಿದ್ದು. ಜಪಾನಿನ ಒಸಾಕಾ ಪ್ರಾಂತದ ಮತ್ಸುಶಿತಾ ಕಂಪೆನಿಯವರು 1980ರ ದಶಕದಲ್ಲಿ ಮನೆಬಳಕೆಯ ಬ್ರೆಡ್ಡಿನ ಯಂತ್ರವನ್ನು ರೂಪಿಸಲು ಹೆಣಗುತ್ತಿದ್ದರು. ಮಾಡಿದ ಬ್ರೆಡ್ಡಿನ ಹೊರಪದರ ಕರಕಲು, ಒಳಗೆ ಹಸಿ. ಆಗ ಇಕುಕೊ ತನಾಕಾ ಎಂಬ ಮಹಿಳೆ, ಕಂಪ್ಯೂಟರ್ ಸಾಫ್ಟ್‌ವೇರ್ ಬಲ್ಲವರು, ಒಸಾಕಾ ಇಂಟರ್‌ನ್ಯಾಷನಲ್ ಹೋಟೆಲಿನ ಮುಖ್ಯ ಬ್ರೆಡ್ಡುಗಾರನ ಬಳಿ ಶಿಷ್ಯವೃತ್ತಿ ಮಾಡಿ ಅವನ ಕೈಚಳಕವನ್ನು ಗಮನಿಸಿದರು. ಅವನು ಹಿಟ್ಟನ್ನು ಎಳೆಯುವುದರ ಜೊತೆಗೆ ತಿರುಚುತ್ತಲೂ ಇದ್ದ. ಆ ತಿರುಚುವಿಕೆಯನ್ನು ಅನುಕರಿಸಲು ಪಾತ್ರೆಯ ಒಳಮೈಗೆ ಏಣುಗಳನ್ನು ಕೊಟ್ಟ ಮೇಲೆ ಯಂತ್ರ ಸಫಲವಾಯಿತು. 1987ರಲ್ಲಿ ಮಾರುಕಟ್ಟೆಗೆ ಬಂದಿತು. ನಾದುವ ಕೈಯನ್ನು ಯಂತ್ರ ಹೀಗೆ ಕಲಿತುಕೊಂಡಿತು. ಆದರೆ ಅಂದಿನ ಹವೆ ಹೇಗಿದೆ, ಹಿಟ್ಟು ಯಾವ ಗಿರಣಿಯದು ಎಂಬುದನ್ನು ನೋಡಿ ನೀರು ಹೊಂದಿಸುವ ಕೆಲಸ ಇಂದಿಗೂ ನಮಗೇ ಉಳಿದಿದೆ.

ಮೊದಲ ಬ್ರೆಡ್ಡಿನ ವಿಚಾರವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಬರೀ ಗೋಧಿಹಿಟ್ಟಿಗೆ ಪುಸ್ತಕದಲ್ಲಿದ್ದಷ್ಟೇ ನೀರು ಹಾಕಿದೆ. ತಾಯಿಯವರು ಅದನ್ನು ಬೆರಳಿನಿಂದ ತಟ್ಟಿ ನೋಡಿ, “ಏನಪ್ಪಾ, ಇದು ಬ್ರೆಡ್ಡೋ, ಮಣೆಯೋ?” ಎಂದರು. ಆ ಪುಸ್ತಕವು ಮೈದಾದಂಥ ಹಿಟ್ಟನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ನಮ್ಮ ಗಿರಣಿಯ ಕಲ್ಲಿನಲ್ಲಿ ಬೀಸಿದ ಹಿಟ್ಟು ಹೆಚ್ಚು ನೀರನ್ನು ಕುಡಿಯುತ್ತದೆ. ಅದರ ತೌಡು ಅಂಟಿನ ಬಲೆಯನ್ನು ಅಲ್ಲಲ್ಲಿ ಹರಿಯುತ್ತದೆ. ಈಗ ನಮ್ಮ ಮನೆಯ ಅಳತೆ ಹೀಗಿದೆ: ಗೋಧಿಹಿಟ್ಟು 300 ಗ್ರಾಂ, ಮೈದಾ 100 ಗ್ರಾಂ, ನೀರು 280 ಮಿಲಿಲೀಟರ್, ಎಣ್ಣೆ ಒಂದು ದೊಡ್ಡ ಚಮಚ, ಸಕ್ಕರೆ ಎರಡು ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ಒಣ ಯೀಸ್ಟ್ ಮುಕ್ಕಾಲು ಟೀ ಚಮಚ. ರಾಗಿಹಿಟ್ಟು ಬೇಕೆನ್ನುವವರು 400 ಗ್ರಾಮಿನಲ್ಲಿ 80 ಗ್ರಾಂ ಮೀರಬಾರದು. ರಾಗಿಯಲ್ಲಿ ಗೋಧಿಯ ಅಂಟು ಇಲ್ಲವಾದ್ದರಿಂದ ಅದು ತಾನಾಗಿ ಉಬ್ಬಿ ನಿಲ್ಲಲಾರದು. ಹಿಟ್ಟನ್ನು ಲೋಟದಲ್ಲಿ ಅಳೆಯದೆ ತೂಗಿರಿ. ಒತ್ತಿ ತುಂಬಿದ ಲೋಟಕ್ಕೂ ಸಡಿಲವಾಗಿ ತುಂಬಿದ ಲೋಟಕ್ಕೂ ಇರುವ ಅಂತರ ಬ್ರೆಡ್ಡನ್ನು ಕೆಡಿಸುವಷ್ಟಿದೆ.

ಇಷ್ಟೆಲ್ಲ ಅಳತೆಯ ಮೇಲೂ, ನಾದಲು ಆರಂಭಿಸಿದ ಹತ್ತು ನಿಮಿಷಕ್ಕೆ ಮುಚ್ಚಳ ತೆರೆದು ನೋಡಲೇಬೇಕು. ಹಿಟ್ಟು ನುಣುಪಾದ ಉಂಡೆಯಾಗಿ ಪಾತ್ರೆಯ ಗೋಡೆಯನ್ನು ಬಿಟ್ಟು ತಿರುಗುತ್ತಿದ್ದರೆ ಸರಿ. ತುಂಡುತುಂಡಾಗಿದ್ದರೆ ಒಂದು ಚಮಚ ನೀರು, ಅಂಬಲಿಯಂತಿದ್ದರೆ ಒಂದು ಚಮಚ ಹಿಟ್ಟು. ನೋಡುವುದು ಕಣ್ಣಿನಿಂದ ಮಾತ್ರ; ರೆಕ್ಕೆ ತಿರುಗುವಾಗ ಬೆರಳು ಹಾಕಬಾರದು. ಬೇಯಲು ಆರಂಭವಾದ ಮೇಲೆ ಮುಚ್ಚಳವನ್ನು ತೆರೆಯಲೇಬಾರದು.

ನಮ್ಮೂರಿನ ಸೆಕೆಯೇ ದೊಡ್ಡ ಶತ್ರು. ಚಳಿ ದೇಶದ ಪುಸ್ತಕಗಳು ಉಗುರುಬೆಚ್ಚಗಿನ ನೀರು ಎನ್ನುತ್ತವೆ. ಮೇ ತಿಂಗಳಲ್ಲಿ ಮಣಲಿಯ ಮಾಳಿಗೆಯ ತೊಟ್ಟಿಯಿಂದ ಬರುವ ನೀರು ಉಗುರುಬೆಚ್ಚಗಲ್ಲ, ಕೈ ಸುಡುವಂತಿರುತ್ತದೆ! ನಾದುವಿಕೆಯಿಂದಲೂ ಹಿಟ್ಟು ಕಾಯುತ್ತದೆ. ಅದು 26–27 ಡಿಗ್ರಿಯ ಸುಮಾರಿನಲ್ಲಿದ್ದರೆ ಯೀಸ್ಟ್ ಹದವಾಗಿ ಕೆಲಸ ಮಾಡುತ್ತದೆ. ಹೆಚ್ಚಾದರೆ ಅವಸರದಲ್ಲಿ ಉಬ್ಬಿಸಿ, ಬೇಯುವ ವೇಳೆಗೆ ಕುಸಿದು ನಡುವೆ ಹಳ್ಳ ಬೀಳುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಫ್ರಿಜ್ಜಿನ ತಣ್ಣೀರನ್ನೇ ಬಳಸಬೇಕು.

ಉಪ್ಪನ್ನು ಕಡಿಮೆ ಮಾಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಉಪ್ಪು ರುಚಿಗಷ್ಟೇ ಅಲ್ಲ. ಅದು ಯೀಸ್ಟಿನ ವೇಗಕ್ಕೆ ಕಡಿವಾಣ, ಅಂಟಿಗೆ ಬಿಗಿ. ನಾನು ಉತ್ಸಾಹದಿಂದ ಉಪ್ಪನ್ನು ಸಂಪೂರ್ಣ ಬಿಟ್ಟ ದಿನ ಹಿಟ್ಟು ಉಕ್ಕಿ ಮುಚ್ಚಳಕ್ಕೆ ತಗುಲಿ, ಕಾಯಿಸುವ ತಂತಿಯ ಮೇಲೆ ಸುರಿದು ಹೊಗೆಯೆದ್ದಿತು. ಉಪ್ಪನ್ನು ಅರ್ಧಕ್ಕೆ ಇಳಿಸಿದರೆ ಯೀಸ್ಟನ್ನೂ ಕಾಲುಭಾಗ ಇಳಿಸಿರಿ, ನೀರನ್ನು ಇನ್ನೂ ತಣ್ಣಗೆ ಮಾಡಿರಿ.

ರಾತ್ರಿ ತುಂಬಿಟ್ಟು ಬೆಳಿಗ್ಗೆ ಬ್ರೆಡ್ಡು ಸಿದ್ಧವಾಗುವಂತೆ ಗಡಿಯಾರ ಹೊಂದಿಸುವ ಸೌಲಭ್ಯವಿದೆ. ಹಾಲು, ಮೊಸರು, ಮೊಟ್ಟೆ ಹಾಕಿದ ಹಿಟ್ಟಿಗೆ ಇದನ್ನು ಖಂಡಿತ ಬಳಸಬಾರದು; ಈ ಸೆಕೆಯಲ್ಲಿ ಎಂಟು ಗಂಟೆ ಹೊರಗಿಟ್ಟ ಹಾಲಿನ ಗತಿ ಎಲ್ಲರಿಗೂ ಗೊತ್ತು. ಅಲ್ಲದೆ, ಎಲ್ಲರೂ ಮಲಗಿರುವಾಗ ಕಾಯಿಸುವ ಯಂತ್ರವೊಂದು ತಾನಾಗಿ ನಡೆಯುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ನಾದುವ ಕುಲುಕಾಟಕ್ಕೆ ಅದು ಕಟ್ಟೆಯ ಮೇಲೆ ಜರುಗುತ್ತದೆ ಕೂಡ. ಗೋಡೆಯಿಂದ ಒಂದು ಗೇಣು, ಕಟ್ಟೆಯ ಅಂಚಿನಿಂದ ಎರಡು ಗೇಣು ದೂರವಿರಲಿ. ಹಬೆಯ ಕಂಡಿಯ ಮೇಲೆ ಬಟ್ಟೆ ಹೊದಿಸಬೇಡಿರಿ.

ನಡುವೆ ವಿದ್ಯುತ್ತು ಹೋದರೆ? ಕೆಲವು ಯಂತ್ರಗಳು ಕೆಲವು ನಿಮಿಷಗಳವರೆಗೆ ನೆನಪಿಟ್ಟುಕೊಂಡು ಮುಂದುವರಿಯುತ್ತವೆ. ಆಮೇಲೆ ಮೊದಲಿನಿಂದ ಆರಂಭಿಸುತ್ತವೆ. ನಾದುವ ಅಥವಾ ಉಬ್ಬುವ ಹಂತದಲ್ಲಿದ್ದರೆ ಪ್ಲಗ್ಗನ್ನು ತೆಗೆದು, ಹಿಟ್ಟನ್ನು ಲಟ್ಟಿಸಿ, ಗ್ಯಾಸಿನ ಮೇಲೆ ಕಾವಲಿಯಲ್ಲಿ ಬೇಯಿಸಿದರೆ ಸೊಗಸಾದ ದಪ್ಪ ರೊಟ್ಟಿಯಾಗುತ್ತದೆ. ಅರೆಬೆಂದು ಗಂಟೆಗಟ್ಟಲೆ ನಿಂತದ್ದನ್ನು ತಿನ್ನಬೇಡಿರಿ. 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ಮಣಲಿಯ ಬೀದಿಗಳು ಮುಳುಗಿದ್ದನ್ನು ಇಲ್ಲಿಯವರು ಮರೆತಿರಲಾರರು. ಹಾಗೆ ನೀರು ಹೊಕ್ಕ ಯಂತ್ರವನ್ನು, ಹೊರಗೆ ಒಣಗಿದಂತೆ ಕಂಡರೂ, ಬಲ್ಲವರು ಬಿಚ್ಚಿ ಪರೀಕ್ಷಿಸುವವರೆಗೆ ಪ್ಲಗ್ಗಿಗೆ ಸಿಕ್ಕಿಸಕೂಡದು.

ಬೆಂದ ಪಾತ್ರೆಯನ್ನು ದಪ್ಪ ಒಣಬಟ್ಟೆಯಿಂದ ಹಿಡಿದು ತೆಗೆಯಬೇಕು. ಒದ್ದೆ ಬಟ್ಟೆ ಹಬೆಯಾಗಿ ಕೈ ಸುಡುತ್ತದೆ. ಬ್ರೆಡ್ಡನ್ನು ಒಂದು ಗಂಟೆ ಆರಲು ಬಿಟ್ಟು ಕತ್ತರಿಸಿರಿ. ಅದರ ತಳದಲ್ಲಿ ನಾದುವ ರೆಕ್ಕೆ ಸಿಕ್ಕಿಕೊಂಡಿರಬಹುದು. ಮಕ್ಕಳ ತಟ್ಟೆಗೆ ಹಾಕುವ ಮೊದಲೇ ಹುಡುಕಿ ತೆಗೆಯಿರಿ.

ಕೆಡದಂತೆ ಇಡುವ ವಿಷಯದಲ್ಲಿ ಒಂದು ಮಾತು. ಮನೆಯ ಬ್ರೆಡ್ಡಿಗೆ ಕೆಡದಂತೆ ತಡೆಯುವ ರಾಸಾಯನಿಕ ಹಾಕುವುದಿಲ್ಲ. ಹೊರಗೆ ಎರಡು ದಿನ ಸಾಕು. ಉಳಿದದ್ದನ್ನು ಹೋಳು ಮಾಡಿ ಫ್ರೀಜರಿನಲ್ಲಿಟ್ಟು, ಬೇಕಾದಾಗ ಕಾವಲಿಯ ಮೇಲೆ ಬಿಸಿ ಮಾಡಬಹುದು. ಬೂಷ್ಟು ಕಂಡರೆ ಆ ಭಾಗವನ್ನು ಮಾತ್ರ ಚಿವುಟಿ ತೆಗೆಯುವ ಉಳಿತಾಯ ಬೇಡ. ಬೂಷ್ಟು ಕಾಣದೆಯೂ ಕೆಡುವುದುಂಟು: ಒಳಗೆ ಜಿಗುಟಾಗಿ, ಮುರಿದರೆ ನೂಲಿನಂತೆ ಎಳೆ ಬಂದು, ಅತಿಯಾಗಿ ಕಳಿತ ಹಣ್ಣಿನ ವಾಸನೆ ಹೊಡೆಯುತ್ತದೆ. ಹಿಟ್ಟಿನಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯದೆ, ಸೆಕೆಯಲ್ಲಿ ಬೆಳೆಯುವುದೇ ಇದಕ್ಕೆ ಕಾರಣ. ಅಂಥದ್ದನ್ನು ಪೂರ್ತಿಯಾಗಿ ಎಸೆದು ಪಾತ್ರೆಯನ್ನು ಚೆನ್ನಾಗಿ ತೊಳೆಯಬೇಕು. ಬೇಸಿಗೆಯಲ್ಲಿ ಹಿಟ್ಟಿಗೆ ಒಂದು ಟೀ ಚಮಚ ನಿಂಬೆರಸ ಸೇರಿಸಿದರೆ ಇದರ ಹಾವಳಿ ತಗ್ಗುತ್ತದೆ.

ಅಂಗಡಿಯ ಬ್ರೆಡ್ಡನ್ನು ನಾನು ದೂಷಿಸುತ್ತಿಲ್ಲ. 2016ರಲ್ಲಿ ದೆಹಲಿಯ ಸಂಸ್ಥೆಯೊಂದು ಬ್ರೆಡ್ಡಿನಲ್ಲಿ ಪೊಟ್ಯಾಸಿಯಂ ಬ್ರೋಮೇಟ್ ಇರುವುದನ್ನು ಹೊರಗೆಡವಿದ ಮೇಲೆ ಸರ್ಕಾರ ಅದೇ ವರ್ಷ ಆ ರಾಸಾಯನಿಕವನ್ನು ನಿಷೇಧಿಸಿತು. ಕೊಳ್ಳುವವರು ಪೊಟ್ಟಣದ ಮೇಲಿನ ಸೋಡಿಯಂ ಅಂಕಿಯನ್ನು ಓದಿ, ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಪ್ರಮಾಣ ತಿಳಿಯುತ್ತದೆ.

ತಾಯಿಯವರು ಈಗ ಹೊತ್ತಿಗೆ ಎರಡೇ ಹೋಳು ತಿನ್ನುತ್ತಾರೆ. ಒತ್ತಡವೂ, ಮಾತ್ರೆಗಳ ಜೊತೆಗೆ, ಹತೋಟಿಯಲ್ಲಿದೆ. ಸಪ್ಪೆಯೆಂದು ಅವರು ಮೊದಲು ಗೊಣಗಿದಾಗ ಖಾರಾ ಬ್ರೆಡ್ಡು ನೆನಪಾಯಿತು. ಹಸಿಮೆಣಸು, ಕೊತ್ತಂಬರಿ, ಕರಿಬೇವು, ಜೀರಿಗೆ, ನೀರು ಆರುವಂತೆ ಬಾಡಿಸಿದ ಈರುಳ್ಳಿ. ಇವುಗಳನ್ನು ಯಂತ್ರ ಮಧ್ಯದಲ್ಲಿ ಕೂಗಿದಾಗ ಸೇರಿಸಬೇಕು. ಖಾರ ಮತ್ತು ಘಮ ಮುಂದಾದರೆ ಉಪ್ಪಿನ ಕೊರತೆ ನಾಲಿಗೆಗೆ ಹೊಳೆಯುವುದಿಲ್ಲ. ಕಳೆದ ಭಾನುವಾರ ಅದು ಬೇಯುತ್ತಿದ್ದಾಗ ತಾಯಿಯವರು ಒಳಮನೆಯಿಂದಲೇ, “ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಇಳಿದಂಗಾಯ್ತು ಕಣಪ್ಪಾ” ಎಂದರು.