ಸರ್ಕಾರ ಬರೋಕೆ 541 ದಿನ!

ವೋಟ್ ಹಾಕಿ ಒಂದೂವರೆ ವರ್ಷ ಕಾದ್ರೂ
ಹೊಸ ಸರ್ಕಾರವೇ ಬರದಿದ್ರೆ?

ಬೆಲ್ಜಿಯಂನಲ್ಲಿ ಹಾಗೇ ಆಯ್ತು.
2010ರ ಜೂನ್, ಚುನಾವಣೆ.
ಒಟ್ಟು ಸೀಟು 150.
ಮೊದಲ ಸ್ಥಾನದ ಪಕ್ಷಕ್ಕೆ ಸಿಕ್ಕಿದ್ದು?
ಬರೀ 27!

ಅಲ್ಲಿ ಪಕ್ಷಗಳೂ ಭಾಷೆ ಪ್ರಕಾರ ಹೋಳು.
ಉತ್ತರದಲ್ಲಿ ಡಚ್, ದಕ್ಷಿಣದಲ್ಲಿ ಫ್ರೆಂಚ್.
ರಾಜಧಾನಿ ಬ್ರಸೆಲ್ಸ್ ಮತ್ತು ಸುತ್ತಲಿನ ಮತಕ್ಷೇತ್ರ ಒಡೆಯೋದಾ, ಬೇಡ್ವಾ?
ಮಾತುಕತೆ ಅಲ್ಲೇ ಸಿಕ್ಕಿಹಾಕಿಕೊಳ್ತು.

ಹಾಗಾದ್ರೆ ದೇಶ ನಡೆಸಿದ್ದು?
ಹಳೇ ಸರ್ಕಾರವೇ, ಉಸ್ತುವಾರಿಯಾಗಿ.
ಹೋಟೆಲ್‌ಗೆ ಹೊಸ ಓನರ್ ಸಿಗೋವರೆಗೂ
ಹಳೇ ಭಟ್ರೇ ಇಡ್ಲಿ ಬೇಯಿಸಿದ ಹಾಗೆ.
ಇಡ್ಲಿ ಸಿಗುತ್ತೆ.
ಹೊಸ ಮೆನು ಮಾತ್ರ ಕೇಳಬೇಡಿ!

ಬೇಸತ್ತ ವಿದ್ಯಾರ್ಥಿಗಳು ಪ್ರತಿಭಟಿಸಿದ್ರು,
ಬೀದೀಲಿ ಫ್ರೆಂಚ್ ಫ್ರೈಸ್ ಹಂಚಿ.
ನಿಜವಾಗ್ಲೂ!

ಕೊನೆಗೆ 2011ರ ಡಿಸೆಂಬರ್.
ಆರು ಪಕ್ಷ ಸೇರಿದ್ವು.
ಎಲಿಯೊ ಡಿ ರೂಪೊ ಪ್ರಧಾನಿ.

ಆ 27 ಸೀಟಿನ ಪಕ್ಷ?
ಸರ್ಕಾರದಲ್ಲಿ ಅದು ಇರಲೇ ಇಲ್ಲ.