ಗೇಣಗಲವಿಲ್ಲದ ಹಳಿಯ ಮೇಲೆ ಅಸಲಿ ಹಬೆ

ಮುದುಕ ಇಂಜಿನ್ನಿನ ಮಾತೇ ಎತ್ತಲಿಲ್ಲ. ಹುಬ್ಬಳ್ಳಿಯ ಹುಡುಗನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ: ‘ನಿನ್ನ ಕಾರಿನ ಡಿಕ್ಕಿ ಎಷ್ಟುದ್ದ?’

ಮಗನ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದೆ. ಈ ಹುಡುಗ ಮಗನ ಗೆಳೆಯ. ಅಜ್ಜ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಮೊಮ್ಮಗನದು ಸಾಫ್ಟ್‌ವೇರ್ ಕೆಲಸ, ಹುಚ್ಚು ಮಾತ್ರ ಅಜ್ಜನದು. ಆರು ತಿಂಗಳಿಂದ ಸೆಕೆಂಡ್ ಹ್ಯಾಂಡ್ ಉಗಿ ಇಂಜಿನ್ ಹುಡುಕುತ್ತಿದ್ದ. ಆಟಿಕೆ ಅಂದುಕೊಂಡು ಜೊತೆಗೆ ಹೊರಟ ನಾನು ಪಾರ್ಕಿನಲ್ಲಿ ಕಣ್ಣರಳಿಸಿ ನಿಂತೆ. ನಾಯಿಮರಿಯಷ್ಟೆತ್ತರದ ಇಂಜಿನ್ ಕಲ್ಲಿದ್ದಲು ತಿಂದು, ನೀರು ಕುಡಿದು, ಎಂಟು ಜನ ದೊಡ್ಡವರನ್ನು ಎಳೆದುಕೊಂಡು ಹೋಗುತ್ತಿತ್ತು. ಹಳಿಯ ಅಗಲ ಐದೇ ಇಂಚು.

ಮುದುಕ ಅಲ್ಲಿನ ಹವ್ಯಾಸಿ ಕ್ಲಬ್ಬಿನವನು. ಅವನ ಡಿಕ್ಕಿಯ ಪ್ರಶ್ನೆ ತಮಾಷೆಯದಲ್ಲ. ಈ ಹವ್ಯಾಸದಲ್ಲಿ ಮೂರೂವರೆ, ಐದು, ಏಳೂಕಾಲು ಇಂಚಿನ ಗೇಜುಗಳೇ ಹೆಚ್ಚು. ಏಳೂಕಾಲಿನದನ್ನು ಕೊಂಡರೆ ಸಾಗಿಸಲು ಟ್ರೇಲರ್ ಬೇಕು, ಇಳಿಸಲು ರಾಟೆ ಬೇಕು. ಐದಿಂಚಿನದನ್ನು ಎತ್ತಲಿಕ್ಕೂ ಸಾಮಾನ್ಯವಾಗಿ ಇಬ್ಬರು ಬೇಕು. ಹತ್ತಿರದ ಕ್ಲಬ್ಬಿನಲ್ಲಿ ಆ ಅಳತೆಯ ಹಳಿಯೇ ಇಲ್ಲದಿದ್ದರೆ ಕೊಂಡ ಇಂಜಿನ್ ಷೋಕೇಸಿಗೆ ಮಾತ್ರ.

ಚರಿತ್ರೆಯನ್ನೂ ಮುದುಕನೇ ಚಹಾ ಕುಡಿಯುತ್ತ ಎರಡು ಮಾತಿನಲ್ಲಿ ಮುಗಿಸಿದ. 1898ರಲ್ಲಿ ಪರ್ಸಿವಲ್ ಮಾರ್ಷಲ್ ‘ಮಾಡೆಲ್ ಇಂಜಿನಿಯರ್’ ಪತ್ರಿಕೆ ಶುರು ಮಾಡಿದ. 1920ರ ದಶಕದಲ್ಲಿ ಅದೇ ಪತ್ರಿಕೆಯಲ್ಲಿ ‘ಎಲ್‌ಬಿಎಸ್‌ಸಿ’ ಎಂಬ ಹೆಸರಿನಲ್ಲಿ ಬರೆಯತೊಡಗಿದವನು ಕರ್ಲಿ ಲಾರೆನ್ಸ್. ಲಂಡನ್, ಬ್ರೈಟನ್ ಅಂಡ್ ಸೌತ್ ಕೋಸ್ಟ್ ರೈಲು ಕಂಪನಿಯ ಮೊದಲಕ್ಷರಗಳನ್ನೇ ಹೆಸರು ಮಾಡಿಕೊಂಡಿದ್ದ. ಅಷ್ಟು ಚಿಕ್ಕ ಬಾಯ್ಲರಿನಲ್ಲಿ ಕಲ್ಲಿದ್ದಲು ಉರಿಸಿ ಮನುಷ್ಯರನ್ನು ಎಳೆಯಬಹುದೇ ಎಂದು ಹೆನ್ರಿ ಗ್ರೀನ್ಲಿಯಂಥ ದೊಡ್ಡ ವಿನ್ಯಾಸಕಾರನೊಂದಿಗೆ ಅವನ ಜಗಳ. ಎರಡೂವರೆ ಇಂಚಿನ ‘ಆಯೆಷಾ’ ಎಂಬ ಇಂಜಿನ್ನಿನಿಂದ ಎಳೆದೇ ತೋರಿಸಿದ. ಆಮೇಲೆ ಅವನು ಕೊಟ್ಟ ‘ಟಿಚ್’ ಎಂಬ ಪುಟಾಣಿಯ ನಕ್ಷೆ ಹಿಡಿದು, ಕೆಲಸ ಮುಗಿಸಿ ಬಂದ ಎಷ್ಟೋ ಮಂದಿ ಹಿತ್ತಿಲ ಷೆಡ್ಡಿನ ಲೇತಿನ ಮುಂದೆ ನಿಂತರು. ಈಗ ಮಾರಾಟಕ್ಕೆ ಬರುವುದು ಬಹುಪಾಲು ಅಂಥ ಕೈಗಳ ಕೆಲಸ. ಹಾಗಾಗಿ ಒಂದೇ ನಕ್ಷೆಯ ಎರಡು ಇಂಜಿನ್ ಒಂದೇ ಥರ ಇರುವುದಿಲ್ಲ.

ಹುಡುಗ ಮೊದಲು ಮೆಚ್ಚಿದ್ದು ವ್ಯಾಪಾರಿಯೊಬ್ಬನ ಬಳಿಯಿದ್ದ ಹಸಿರು ಇಂಜಿನ್ನನ್ನು. ಹಿತ್ತಾಳೆ ಗುಮ್ಮಟ ಕನ್ನಡಿಯಂತಿತ್ತು. ನೋಡಲು ಹೋದರೆ ಆಗಲೇ ಹಬೆ ಏರಿಸಿ ಇಟ್ಟಿದ್ದ. ‘ತಣ್ಣಗಿರುವಾಗಲೇ ಹೋಗಬೇಕು, ನಿನ್ನೆದುರೇ ಬೆಂಕಿ ಹಾಕಲಿ’ ಎಂದ ಮುದುಕ. ತಣ್ಣಗಿದ್ದಾಗ ಸೋರುವುದು ಬಿಸಿಯಾದ ಮೇಲೆ ಅಡಗಬಹುದು. ಅವನು ಚಕ್ರವೊಂದನ್ನು ಹಿಡಿದು ಅಲ್ಲಾಡಿಸಿದರೆ ನನಗೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ನೆನಪಾಗುತ್ತಿತ್ತು. ಎತ್ತಿನ ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ, ಆಮೇಲೆ ತಾನೆ ಟವೆಲ್ಲಿನಡಿ ಬೆರಳು ಹಿಡಿಯುವುದು! ಇಲ್ಲೂ ಹಾಗೆಯೇ. ಚಕ್ರಗಳನ್ನು ಜೋಡಿಸುವ ದಂಡ ಕಟಕಟ ಅನ್ನುತ್ತದೆಯೇ, ಚಕ್ರದ ಅಂಚು ಸವೆದು ಚೂಪಾಗಿದೆಯೇ, ಕಂಪ್ರೆಸರ್ ಗಾಳಿ ಬಿಟ್ಟರೆ ಮುಂದಕ್ಕೂ ಹಿಂದಕ್ಕೂ ಒಂದೇ ತಾಳದಲ್ಲಿ ತಿರುಗುತ್ತದೆಯೇ. ಹಸಿರು ಇಂಜಿನ್ ಹಿಂದಕ್ಕೆ ಕುಂಟುತ್ತಿತ್ತು.

‘ಕಾಕಾ, ಇದು ಬ್ಯಾಡ್ರಿ. ಮೇಲೆ ಥಳುಕು, ಒಳಗೆ ಹುಳುಕು’ ಅಂದ ಹುಡುಗ.

ಎರಡನೆಯದು ಕ್ಲಬ್ಬಿನಲ್ಲೇ ಸಿಕ್ಕಿತು. ತೀರಿಕೊಂಡ ಸದಸ್ಯನೊಬ್ಬನದು, ಹೆಂಡತಿ ಮಾರಲು ಕೊಟ್ಟಿದ್ದರು. ಬಣ್ಣ ಮಾಸಿತ್ತು, ಆದರೆ ಪೆನ್ಸಿಲ್ ಟಿಪ್ಪಣಿಗಳಿದ್ದ ನಕ್ಷೆಗಳೆಲ್ಲ ಜೊತೆಗಿದ್ದವು. ಮುದುಕ ಬಾಯ್ಲರಿನ ಮೇಲೆ ಕೊರೆದ ನಂಬರನ್ನೂ ಸರ್ಟಿಫಿಕೇಟಿನ ನಂಬರನ್ನೂ ಕನ್ನಡಕ ಏರಿಸಿ ತಾಳೆ ನೋಡಿದ. ನಂಬರ್ ಕೂಡದಿದ್ದರೆ ಕಾಗದಕ್ಕೆ ಬೆಲೆಯಿಲ್ಲ. ಹಲ್ಲಿನ ಡಾಕ್ಟರರ ಕನ್ನಡಿಯನ್ನು ಬೆಂಕಿಗೂಡಿನೊಳಗೆ ತೂರಿಸಿ, ಬೆಸುಗೆಯ ಸುತ್ತ ಹಸಿರು-ಬಿಳಿ ಕಿಲುಬು ಕಟ್ಟಿದೆಯೇ ಎಂದು ಹುಡುಕಿದ. ತಾಮ್ರದ ಬಾಯ್ಲರ್ ಸೋರಿದ ಕುರುಹು ಅದು. ಬಾಯ್ಲರ್ ಕೆಟ್ಟಿದ್ದರೆ ಹೊಸದಕ್ಕೆ ಕೊಡುವ ಹಣ ಇಂಜಿನ್ನಿನ ಬೆಲೆಯನ್ನೂ ಮೀರೀತು.

ನಾನು ಮರೆಯಲಾರದ್ದು ಆಮೇಲಿನ ಅರ್ಧ ಗಂಟೆ. ಬಾಯ್ಲರಿಗೆ ಕಂಠಮಟ್ಟ ತಣ್ಣೀರು ತುಂಬಿ, ಗಾಳಿಯ ಗುಳ್ಳೆಯೂ ಉಳಿಯದಂತೆ ಓರೆ ಮಾಡಿ, ಸೇಫ್ಟಿ ವಾಲ್ವ್ ಬಿಚ್ಚಿ ಆ ತೂತುಗಳಿಗೆ ಬಿರಡೆ ಹಾಕಿದ. ತಣ್ಣೀರೇ ಏಕೆ? ಹಬೆ ಸ್ಪ್ರಿಂಗಿನಂತೆ ಶಕ್ತಿ ಅದುಮಿಟ್ಟುಕೊಂಡಿರುತ್ತದೆ, ಒಡೆದರೆ ಸಿಡಿಯುತ್ತದೆ. ನೀರು ಅದುಮಿಸಿಕೊಳ್ಳುವುದಿಲ್ಲ, ಬಿರುಕು ಬಿಟ್ಟರೆ ಪಿಚಕ್ಕೆಂದು ಚಿಮ್ಮಿ ಸುಮ್ಮನಾಗುತ್ತದೆ. ಕೈಪಂಪು ಒತ್ತತೊಡಗಿದ. ಚದರ ಇಂಚಿಗೆ 80 ಪೌಂಡ್ ಒತ್ತಡದಲ್ಲಿ ಓಡುವ ಬಾಯ್ಲರಿಗೆ ಒಂದೂವರೆ ಪಟ್ಟು, ಅಂದರೆ 120. ಹೊಸ ಬಾಯ್ಲರಾದರೆ ಎರಡು ಪಟ್ಟು. ಮುಳ್ಳು 120ಕ್ಕೆ ಬಂದು ನಿಂತಿತು. ಯಾರೂ ಮಾತಾಡಲಿಲ್ಲ. ಮುದುಕ ಒಣ ಟಿಶ್ಯೂ ಕಾಗದವನ್ನು ಪ್ರತಿ ಬೆಸುಗೆಗೂ ಒತ್ತಿ, ಬೆಳಕಿಗೆ ಹಿಡಿದು ನೋಡುತ್ತ ಹೋದ, ಕೂಸಿನ ಮೂಗು ಒರೆಸುವವನಂತೆ. ಮುಳ್ಳು ಕದಲಲಿಲ್ಲ. ತಾಮ್ರದ ಬಾಯ್ಲರಿಗೆ ನಾಲ್ಕು ವರ್ಷಕ್ಕೊಮ್ಮೆ ಈ ಪರೀಕ್ಷೆ. ಹಬೆಯ ಪರೀಕ್ಷೆ ಬೇರೆ, ಅದು ಸುಮಾರು ವರ್ಷಕ್ಕೊಮ್ಮೆ.

ಬೆಂಕಿ ಹಾಕುವ ವಿಧಾನವನ್ನೂ ಕ್ಲಬ್ಬಿನವರು ತೋರಿಸಿದರು: ಚಿಮಣಿಗೆ ಪುಟ್ಟ ಫ್ಯಾನು, ಸೀಮೆಎಣ್ಣೆಯಲ್ಲಿ ನೆನೆಸಿದ ಇದ್ದಿಲು, ಮೇಲೆ ಕಲ್ಲಿದ್ದಲು. ಆ ಕಲ್ಲಿದ್ದಲೇ ಈಗ ದುರ್ಲಭ. ವೇಲ್ಸಿನ ಮರ್ಥರ್ ಟಿಡ್ವಿಲ್ ಬಳಿಯ ದೊಡ್ಡ ಗಣಿ 2023ರ ಕೊನೆಗೆ ಮುಚ್ಚಿತು. ಭೂಮಿ ಬಿಸಿಯಾಗುತ್ತಿರುವಾಗ ಅದನ್ನು ತಪ್ಪೆನ್ನಲು ನನಗೆ ಬಾಯಿ ಬರಲಿಲ್ಲ. ಕಲ್ಲಿದ್ದಲಿನಂತೆ ಎಳೆಯರೂ ದುರ್ಲಭ: ಕ್ಲಬ್ಬಿನ ಬೆಂಚಿನಲ್ಲಿ ಕೂತವರ ತಲೆಗಳೆಲ್ಲ ಬೆಳ್ಳಗಿದ್ದವು. ಕಪ್ಪು ಕೂದಲಿನವನು ನಮ್ಮ ಹುಡುಗ ಒಬ್ಬನೇ.

ಮಾಸಿದ ಇಂಜಿನ್ನನ್ನು ಹುಡುಗ ಕೊಂಡ. ಇಬ್ಬರೂ ಸೇರಿ ಡಿಕ್ಕಿಯಲ್ಲಿ ಕಂಬಳಿ ಹಾಸಿ ಮಲಗಿಸಿದೆವು. ಮುದುಕ ಟೇಪು ಹಿಡಿದು ಪಕ್ಕದಲ್ಲಿ ಉಳಿದ ಜಾಗ ಅಳೆದ, ಚೀಟಿಯಲ್ಲಿ ಬರೆದುಕೊಂಡ. ಅವನ ಷೆಡ್ಡಿನಲ್ಲಿ ಮೂರು ಇಂಜಿನ್ನುಗಳಿವೆ, ಮಕ್ಕಳಿಬ್ಬರಿಗೂ ಬೇಡವಂತೆ. ‘ಹಿಂದಿನ ಸೀಟು ಮಡಚಲು ಬರುತ್ತದೆಯೇ?’ ಎಂದು ಕೇಳಿದ.