ಬಾಕುವಿನಿಂದ ಜೇಹಾನಿಗೆ: ಪರ್ವತ ಇಳಿಯುವ ಕಚ್ಚಾ ತೈಲ

ಕ್ಯಾಸ್ಪಿಯನ್ ಸಮುದ್ರದ ತಳದಿಂದ ತೆಗೆದ ಕಚ್ಚಾ ತೈಲವನ್ನು ಮೆಡಿಟರೇನಿಯನ್ ಕರಾವಳಿಗೆ ತಲುಪಿಸುವ ಬಾಕು–ಟಿಬಿಲಿಸಿ–ಜೇಹಾನ್ ಕೊಳವೆಮಾರ್ಗದ ಉದ್ದ 1,768 ಕಿಲೋಮೀಟರ್. ಇದರಲ್ಲಿ 443 ಕಿಲೋಮೀಟರ್ ಅಝರ್‌ಬೈಜಾನಿನಲ್ಲಿ, 249 ಜಾರ್ಜಿಯಾದಲ್ಲಿ, ಉಳಿದ 1,076 ಟರ್ಕಿಯಲ್ಲಿದೆ. ಉದ್ದಕ್ಕೂ ನೆಲದೊಳಗೆ ಹೂತಿರುವ ಈ ಉಕ್ಕಿನ ಕೊಳವೆ ಕಾಕಸಸ್ ಮತ್ತು ಪೂರ್ವ ಅನಟೋಲಿಯದ ಬೆಟ್ಟಸಾಲುಗಳನ್ನು ಹಾಯುತ್ತ ಒಂದೆಡೆ ಸಮುದ್ರಮಟ್ಟದಿಂದ ಸುಮಾರು 2,830 ಮೀಟರ್ ಎತ್ತರಕ್ಕೇರಿ, ಕೊನೆಗೆ ಜೇಹಾನಿನ ಕಡಲದಡಕ್ಕೆ ಇಳಿಯುತ್ತದೆ. ಕಚ್ಚಾ ತೈಲವೆಂದರೆ ಇನ್ನೂ ಶುದ್ಧೀಕರಣಗೊಳ್ಳದ, ಹಲವು ಹೈಡ್ರೋಕಾರ್ಬನ್ನುಗಳು ಬೆರೆತ ದ್ರವ. ಅದನ್ನು ಅಳೆಯುವ ಬ್ಯಾರೆಲ್ ಎಂದರೆ 159 ಲೀಟರ್. ದಿನಕ್ಕೆ ಹತ್ತು ಲಕ್ಷ ಬ್ಯಾರೆಲ್ ಸಾಗಿಸಲೆಂದು ರೂಪಿಸಿದ ಈ ಮಾರ್ಗದಲ್ಲಿ ತೈಲದ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ಮಾತ್ರ; ಕ್ಯಾಸ್ಪಿಯನ್ ದಡದ ಸಂಗಚಾಲ್ ಟರ್ಮಿನಲ್ಲಿನಲ್ಲಿ ಕೊಳವೆ ಸೇರಿದ ಹನಿಯೊಂದು ಜೇಹಾನ್ ಮುಟ್ಟಲು ಹತ್ತು ದಿನ ಬೇಕು.

ಹಾಗಿದ್ದೂ 2005ರ ಮೇ 10ರಂದು ಸಂಗಚಾಲಿನಲ್ಲಿ ಬಿಟ್ಟ ಮೊದಲ ತೈಲ ಜೇಹಾನ್ ತಲುಪಿದ್ದು 2006ರ ಮೇ 28ರಂದು. ಕೊಳವೆಯೊಳಗೆ ತೈಲ ನದಿಯಂತೆ ತಳದಲ್ಲಿ ಹರಿಯುತ್ತದೆ ಎಂದು ಭಾವಿಸುವವರಿಗೆ ಈ ವಿಳಂಬ ಒಗಟಾಗಿ ಕಾಣುತ್ತದೆ. ವಾಸ್ತವವಾಗಿ ಕೊಳವೆ ಸದಾ ಅಂಚಿನವರೆಗೆ ತುಂಬಿಯೇ ಇರಬೇಕು. ಅದನ್ನು ತುಂಬಲಿಕ್ಕೇ ಸುಮಾರು ಒಂದು ಕೋಟಿ ಬ್ಯಾರೆಲ್ ಬೇಕಾಗಿದ್ದು, ಒಂದೊಂದು ಭಾಗವನ್ನೂ ಒಂದೊಂದು ಪಂಪಿಂಗ್ ಸ್ಟೇಷನ್ನನ್ನೂ ಪರೀಕ್ಷಿಸುತ್ತ ಮುಂದುವರಿಯಬೇಕಾಗಿತ್ತು.

ಪರ್ವತ ದಾಟುವ ಕೊಳವೆಯ ಕಷ್ಟವೆಲ್ಲ ಏರಿನಲ್ಲಿದೆ, ತುದಿ ಮುಟ್ಟಿದ ಮೇಲೆ ತೈಲ ತಾನಾಗಿ ಇಳಿದುಹೋಗುತ್ತದೆ ಎಂಬುದು ಬಹಳ ಜನರ ನಂಬಿಕೆ. ಏರು ದುಬಾರಿಯೆಂಬುದು ನಿಜ, ಆದರೆ ಅದು ಸರಳವಾದ ಸಮಸ್ಯೆ. ದ್ರವದ ಒತ್ತಡವನ್ನು ಬಾರ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲಿ ವಾಯುಮಂಡಲ ಹೇರುವ ಒತ್ತಡ. ನೀರಿಗಿಂತ ತುಸು ಹಗುರವಾದ ಇಂಥ ತೈಲವನ್ನು ನೂರು ಮೀಟರ್ ಮೇಲೆತ್ತಲು ಸುಮಾರು 8 ಬಾರ್ ಬೇಕು. ಇದರ ಜೊತೆಗೆ ಕೊಳವೆಯ ಗೋಡೆಯೊಡನೆ ನಡೆಯುವ ಘರ್ಷಣೆಯನ್ನೂ ಪಂಪುಗಳು ಮೀರಬೇಕು. ಮೂರೂ ದೇಶಗಳಲ್ಲಿ ಹಂಚಿಕೊಂಡಿರುವ ಎಂಟು ಪಂಪಿಂಗ್ ಸ್ಟೇಷನ್ನುಗಳು ಮಾಡುವ ಕೆಲಸ ಇದೇ.

ಇಳಿಜಾರಿನ ಕಥೆ ಬೇರೆ. ಆಚೆ ಇಳಿಯುವ ತೈಲ ಈಚೆ ಏರುವ ತೈಲವನ್ನು ಎಳೆದುಕೊಳ್ಳಲಾರದೇ, ಸೈಫನ್ ಕೆಲಸಮಾಡುವುದು ಹೀಗೆಯೇ ಅಲ್ಲವೇ ಎಂಬ ಪ್ರಶ್ನೆ ಇಲ್ಲಿ ಏಳುವುದುಂಟು. ಸೈಫನ್ನಿನಲ್ಲೂ ದ್ರವವನ್ನು ಏರಿಸುವುದು ಹಿಂದಿನಿಂದ ದೂಡುವ ಒತ್ತಡವೇ ಹೊರತು ಮುಂದಿನ ಎಳೆತವಲ್ಲ. ಆದ್ದರಿಂದಲೇ ಅದರ ಸಾಮರ್ಥ್ಯ ಕೆಲವೇ ಮೀಟರುಗಳಿಗೆ ಮುಗಿಯುತ್ತದೆ. ಶಿಖರದಲ್ಲಿ ಒತ್ತಡ ಒಂದು ಮಿತಿಗಿಂತ ಕೆಳಗಿಳಿದರೆ ತೈಲದಲ್ಲಿನ ಹಗುರ ಅಂಶಗಳು ಆವಿಯಾಗಿ ಗುಳ್ಳೆ ಕಟ್ಟುತ್ತವೆ, ದ್ರವದ ಸರಪಳಿ ಅಲ್ಲಿ ತುಂಡಾಗುತ್ತದೆ. ಅನಂತರ ತೈಲ ಅರೆತುಂಬಿದ ಕೊಳವೆಯಲ್ಲಿ ರಭಸದಿಂದ ಧುಮುಕಿ ಕೆಳಗಿನ ತುಂಬಿದ ಭಾಗಕ್ಕೆ ಅಪ್ಪಳಿಸುತ್ತದೆ, ಕೊಳವೆ ಕಂಪಿಸುತ್ತದೆ. ಇದಕ್ಕಿಂತ ಮುಖ್ಯವಾಗಿ, ಒಳಗೆ ಎಷ್ಟು ತೈಲವಿದೆಯೆಂಬ ಲೆಕ್ಕವೇ ತಪ್ಪಿ, ಒಳಬಂದದ್ದನ್ನೂ ಹೊರಹೋದದ್ದನ್ನೂ ತಾಳೆನೋಡಿ ಸೋರಿಕೆ ಪತ್ತೆಹಚ್ಚುವ ವಿಧಾನ ಕುರುಡಾಗುತ್ತದೆ. ಆದ್ದರಿಂದ ಎಂಜಿನಿಯರುಗಳು ಇಳಿಜಾರಿನ ಕೆಳಭಾಗದಲ್ಲಿ ಹರಿವನ್ನು ಬೇಕೆಂದೇ ತಡೆದು, ಶಿಖರದವರೆಗೂ ಕೊಳವೆ ಒತ್ತಡದಿಂದ ತುಂಬಿರುವಂತೆ ನೋಡಿಕೊಳ್ಳುತ್ತಾರೆ.

ತಡೆದರೆ ಇನ್ನೊಂದು ಅಪಾಯ ಎದುರಾಗುತ್ತದೆ, ಇದು ಇಡೀ ವಿಷಯದ ಅತ್ಯಂತ ಸೊಗಸಾದ ತೊಡಕು. ತೈಲ ಹರಿಯುತ್ತಿರುವಾಗ ಇಳಿಜಾರು ಕೊಡುವ ಒತ್ತಡದ ಒಂದು ಪಾಲನ್ನು ಘರ್ಷಣೆ ನುಂಗುತ್ತದೆ. ಹರಿವು ನಿಂತ ಕ್ಷಣ ಘರ್ಷಣೆಯೂ ಇಲ್ಲವಾಗಿ, ಮೇಲಿನ ತೈಲದ ಪೂರ್ಣ ಭಾರ ತಪ್ಪಲಿನ ಕೊಳವೆಯ ಮೇಲೆ ಬೀಳುತ್ತದೆ. 2,830 ಮೀಟರ್ ಎತ್ತರದ ತೈಲಸ್ತಂಭ ಎಲ್ಲೂ ಕಡಿಯದೆ ನಿಂತರೆ ಅದರ ಬುಡದಲ್ಲಿ 230 ಬಾರ್‌ಗೂ ಹೆಚ್ಚು ಒತ್ತಡವಿರುತ್ತದೆ. ಇಂಥ ಕೊಳವೆಗಳು ಸಾಮಾನ್ಯವಾಗಿ ತಾಳುವುದು ನೂರು ಬಾರ್‌ನ ಆಸುಪಾಸು. ಹೀಗಾಗಿ, ಹರಿಯುವ ಕೊಳವೆಗಿಂತ ನಿಂತ ಕೊಳವೆಯನ್ನೇ ಹೆಚ್ಚು ಗಮನದಲ್ಲಿಟ್ಟು ಇಳಿಜಾರನ್ನು ವಿನ್ಯಾಸಗೊಳಿಸಬೇಕಾಗುತ್ತದೆ. ತಗ್ಗಿನಲ್ಲಿ ದಪ್ಪ ಗೋಡೆಯ ಉಕ್ಕು, ಉದ್ದ ಸ್ತಂಭವನ್ನು ತುಂಡುತುಂಡಾಗಿ ಬೇರ್ಪಡಿಸುವ ಕವಾಟಗಳು, ಒತ್ತಡ ಇಳಿಸುವ ಸ್ಟೇಷನ್ ಇವೆಲ್ಲ ಇದಕ್ಕಾಗಿಯೇ. ಕವಾಟವನ್ನು ಥಟ್ಟನೆ ಮುಚ್ಚುವಂತೆಯೂ ಇಲ್ಲ: ಸೆಕೆಂಡಿಗೆ 2 ಮೀಟರ್ ಚಲಿಸುವ ತೈಲವನ್ನು ಒಮ್ಮೆಲೇ ನಿಲ್ಲಿಸಿದರೆ ಸುಮಾರು 17 ಬಾರ್‌ನ ಹೆಚ್ಚುವರಿ ಒತ್ತಡ ಅಲೆಯಾಗಿ, ಸೆಕೆಂಡಿಗೆ ಹತ್ತಿರಹತ್ತಿರ ಒಂದು ಕಿಲೋಮೀಟರ್ ವೇಗದಲ್ಲಿ ಹಿಂದಕ್ಕೆ ಓಡುತ್ತದೆ.

ಕೊಳವೆಯ ವ್ಯಾಸದಲ್ಲೂ ಇದೇ ತರ್ಕವನ್ನು ಓದಬಹುದು. ಈ ಮಾರ್ಗ ಅಝರ್‌ಬೈಜಾನಿನಲ್ಲೂ ಟರ್ಕಿಯ ಹೆಚ್ಚಿನ ಭಾಗದಲ್ಲೂ 42 ಅಂಗುಲ, ಜಾರ್ಜಿಯಾದಲ್ಲಿ 46 ಅಂಗುಲ, ಜೇಹಾನಿಗೆ ಇಳಿಯುವ ಕೊನೆಯ ಭಾಗದಲ್ಲಿ 34 ಅಂಗುಲ. ಒಂದೇ ಪ್ರಮಾಣದ ತೈಲ ಹರಿಯುವಾಗ ಘರ್ಷಣೆಯ ನಷ್ಟ ವ್ಯಾಸದ ಐದನೆಯ ಘಾತಕ್ಕೆ ವಿಲೋಮವಾಗಿ ಬದಲಾಗುವುದರಿಂದ, ನಾಲ್ಕೇ ಅಂಗುಲ ಹಿಗ್ಗಿಸಿದಾಗ ನಷ್ಟ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತಗ್ಗುತ್ತದೆ. 34 ಅಂಗುಲಕ್ಕೆ ಕುಗ್ಗಿಸಿದಾಗ ಅದು ಮೂರು ಪಟ್ಟಿನ ಸಮೀಪಕ್ಕೆ ಏರುತ್ತದೆ. ಇಳಿಜಾರು ಪುಕ್ಕಟೆಯಾಗಿ ಕೊಡುವ ಹೆಚ್ಚುವರಿ ಒತ್ತಡವನ್ನು ಹೀಗೆ ಕಿರಿದಾದ, ಅಗ್ಗವಾದ ಕೊಳವೆಯಲ್ಲಿ ಘರ್ಷಣೆಗೇ ಉಣಿಸಿಬಿಡಬಹುದು. ಇದಕ್ಕೆ ಪ್ರತಿಯಾಗಿ, ಘರ್ಷಣೆ ಕಡಿಮೆಮಾಡಬೇಕಾದಲ್ಲಿ ಉದ್ದ ಸರಪಳಿಯ ಪಾಲಿಮರನ್ನು ಅತ್ಯಲ್ಪ ಪ್ರಮಾಣದಲ್ಲಿ ತೈಲಕ್ಕೆ ಬೆರೆಸುತ್ತಾರೆ. ಅದು ಹರಿವಿನ ಸುಳಿಗಳನ್ನು ತಣಿಸುತ್ತದೆ. ಹೊಸ ಕೊಳವೆ ಹಾಕದೆಯೇ ಈ ಮಾರ್ಗದ ಸಾಮರ್ಥ್ಯ ದಿನಕ್ಕೆ ಹನ್ನೆರಡು ಲಕ್ಷ ಬ್ಯಾರೆಲ್ಲಿಗೆ ಏರಿದ್ದು ಹೀಗೆ.

ಒತ್ತಡದ ಅಲೆಗೆ ಗಡಿ ಗೊತ್ತಿಲ್ಲ. ಟರ್ಕಿಯಲ್ಲಿ ಹರಿವು ನಿಂತರೆ ಜಾರ್ಜಿಯಾದ ಪಂಪು ನಿಲ್ಲಬೇಕು, ಅದು ನಿಂತರೆ ಅಝರ್‌ಬೈಜಾನಿನದೂ ನಿಲ್ಲಬೇಕು. 2008ರ ಆಗಸ್ಟಿನಲ್ಲಿ ಟರ್ಕಿಯ ರೆಫಾಹಿಯೆ ಬಳಿ ಸ್ಫೋಟ ಸಂಭವಿಸಿ ಮಾರ್ಗ ಕೆಲವು ವಾರ ಸ್ಥಗಿತಗೊಂಡಾಗ, ದೂರದ ಕ್ಯಾಸ್ಪಿಯನ್ನಿನ ತೈಲವೇದಿಕೆಗಳಲ್ಲಿ ಉತ್ಪಾದನೆಯನ್ನೇ ತಗ್ಗಿಸಬೇಕಾಯಿತು. 1999ರ ನವೆಂಬರಿನಲ್ಲಿ ಮೂರು ದೇಶಗಳ ಅಂದಿನ ಅಧ್ಯಕ್ಷರಾದ ಹೈದರ್ ಅಲಿಯೆವ್, ಎಡುವರ್ಡ್ ಶೆವರ್ಡ್ನಾಡ್ಜೆ ಮತ್ತು ಸುಲೇಮಾನ್ ಡೆಮಿರೆಲ್ ಇಸ್ತಾಂಬುಲಿನಲ್ಲಿ ಸಹಿಹಾಕಿದ ಈ ಮಾರ್ಗದ ಒಪ್ಪಂದವನ್ನು ರಾಜಕೀಯದ ದೃಷ್ಟಿಯಿಂದಷ್ಟೇ ವಿವರಿಸುವುದು ವಾಡಿಕೆ: ಹಡಗುಗಳಿಂದ ಕಿಕ್ಕಿರಿದ ಬಾಸ್ಫರಸ್ ಜಲಸಂಧಿಯನ್ನು ತಪ್ಪಿಸುವುದು, ರಷ್ಯಾದ ಮಾರ್ಗಗಳ ಮೇಲಿನ ಅವಲಂಬನೆಯನ್ನು ಕಡಿಮೆಮಾಡುವುದು, ಅಝರ್‌ಬೈಜಾನಿನೊಡನೆ ಸಂಘರ್ಷದಲ್ಲಿದ್ದ ಅರ್ಮೇನಿಯಾವನ್ನು ಬಳಸಿಹೋಗುವುದು. ಈ ಕಾರಣಗಳೆಲ್ಲ ಸರಿಯೇ. ಆದರೆ ಮೂರು ರಾಜ್ಯಗಳ ನೆಲದಡಿ ಮಲಗಿರುವ ತೈಲ ಭೌತಿಕವಾಗಿ ಒಂದೇ ದ್ರವಸ್ತಂಭವಾಗಿರುವುದರಿಂದ, ಅದನ್ನು ನಡೆಸುವ ನಿಯಮವೂ ಒಂದೇ ಇರಬೇಕಾಗಿತ್ತು ಎಂಬ ಕಾರಣ ಅವುಗಳಷ್ಟೇ ತೂಕದ್ದು. ಖನಿಜಜಲಕ್ಕೆ ಹೆಸರಾದ ಜಾರ್ಜಿಯಾದ ಬೋರ್ಜೋಮಿ ಕಣಿವೆಯ ಬಳಿ ಮಾರ್ಗ ಹಾಯುವಾಗ ಎದ್ದ ಆತಂಕವನ್ನೂ ಇದರೊಡನೆಯೇ ಓದಬೇಕು. ಲಾಭ ಮೂರು ದೇಶಗಳಿಗೆ ಹಂಚಿಹೋದರೂ ಸೋರಿಕೆಯ ನಷ್ಟ ಆ ಒಂದು ಊರಿನ ನೀರಿನದು.

ಓಎನ್‌ಜಿಸಿ ವಿದೇಶ್ ಸಂಸ್ಥೆಯ ಮೂಲಕ ಭಾರತಕ್ಕೂ ಈ ಮಾರ್ಗದಲ್ಲಿ ಚಿಕ್ಕ ಪಾಲಿದೆ. ಆದರೆ ಕನ್ನಡದ ವಿದ್ಯಾರ್ಥಿ ಈ ವಿಜ್ಞಾನವನ್ನು ಅಭ್ಯಾಸಮಾಡಲು ಅಷ್ಟು ದೂರ ಹೋಗಬೇಕಿಲ್ಲ. ಮಂಗಳೂರಿನಿಂದ ಹೊರಟು ಘಟ್ಟದ ತಪ್ಪಲಿನ ನೆರಿಯದಲ್ಲಿ ಮತ್ತೆ ಒತ್ತಡ ಪಡೆದು, ಪಶ್ಚಿಮ ಘಟ್ಟವೇರಿ, ಹಾಸನದ ಮೂಲಕ ಬೆಂಗಳೂರು ಬಳಿಯ ದೇವನಗೊಂದಿಗೆ ತಲುಪುವ ಕೊಳವೆಮಾರ್ಗದಲ್ಲಿ ಕಚ್ಚಾ ತೈಲದ ಬದಲು ಪೆಟ್ರೋಲ್, ಡೀಸೆಲ್‌ಗಳು ಒಂದರ ಹಿಂದೊಂದು ಸರದಿಯಾಗಿ ಒಂದೇ ಕೊಳವೆಯಲ್ಲಿ ಸಾಗುತ್ತವೆ. ಅವುಗಳ ಸಾಂದ್ರತೆ ಬೇರೆಬೇರೆ. ಘಟ್ಟದ ಏರಿನಲ್ಲಿ ಪೆಟ್ರೋಲ್ ತುಂಬಿರುವಾಗ ನೆರಿಯದ ಪಂಪು ಕೊಡಬೇಕಾದ ಒತ್ತಡ ಡೀಸೆಲ್ ತುಂಬಿರುವಾಗ ಸಾಲದು. ಎರಡರ ಸಂಧಿ ಏರಿನ ನಡುವೆ ಇರುವಾಗ ಒತ್ತಡ ಗಳಿಗೆಗಳಿಗೆಗೂ ಹೇಗೆ ಬದಲಾಗುತ್ತದೆಂಬುದನ್ನು ನಕ್ಷೆಯ ಎತ್ತರಗಳನ್ನು ಹಿಡಿದು ಗೆರೆ ಎಳೆದು ಲೆಕ್ಕಹಾಕಲು ಪದವಿಪೂರ್ವ ತರಗತಿಯ ಭೌತಶಾಸ್ತ್ರ ಸಾಕು.